ಮೊಣಕೈ ಕೆಳಗಿನ ಒತ್ತಡ

ನಾಗಪುರದ ಒಂದು ಬೇಸಿಗೆಯಲ್ಲಿ ನನ್ನ ಅತ್ತೆಯ ರಕ್ತದೊತ್ತಡವನ್ನು ನಾನು ದಿನವೂ ಮೂವತ್ತು ಮಿಲಿಮೀಟರ್ ಹೆಚ್ಚಿಗೆ ಬರೆದೆ. ಐದು ವಾರ ತಿಳಿಯದೆ ಬರೆದೆ. ಕೊನೆಯ ನಾಲ್ಕು ದಿನ ತಿಳಿದು ಬರೆದೆ. ಐದು ವಾರದ ತಪ್ಪನ್ನು ಬಹಳ ಜನರ ಮುಂದೆ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಅದನ್ನೇ ಒಂದು ಫನ್ನಿ ಸ್ಟೋರಿ ಮಾಡಿ ನಗಿಸಿದ್ದೂ ಉಂಟು. ಆ ನಾಲ್ಕು ದಿನದ ಮಾತು ಮಾತ್ರ ಯಾರಿಗೂ ಗೊತ್ತಿಲ್ಲ. ಈಗ ನನಗೇ ಎಪ್ಪತ್ತೆಂಟು ದಾಟಿತು. ಬೆಳಿಗ್ಗೆ ಎದ್ದು ನನ್ನ ತೋಳಿಗೆ ನಾನೇ ಪಟ್ಟಿ ಸುತ್ತಿಕೊಳ್ಳುತ್ತೇನೆ. ಕೇಳುವವರು ಯಾರೂ ಉಳಿದಿಲ್ಲದಿರುವುದರಿಂದ ಹೇಳುವುದು ಸುಲಭ.

ಅವಮಾನವೆಂದರೆ ನಾನು ಫಿಸಿಕ್ಸ್ ಕಲಿಸುತ್ತಿದ್ದವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ನಾಗಪುರಕ್ಕೆ ಬಂದು, ಹುಡುಗಿಯರ ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಹನ್ನೊಂದು, ಹನ್ನೆರಡನೆಯ ಕ್ಲಾಸಿಗೆ ಪಾಠ ಮಾಡಿದ್ದೆ. ದ್ರವಗಳ ಒತ್ತಡದ ಪಾಠ ಬಂದಾಗ ಹುಡುಗಿಯರಿಗೆ ಒಂದು ಕೈ ಮೇಲೆತ್ತಿ ಇನ್ನೊಂದನ್ನು ಇಳಿಬಿಟ್ಟು ನಿಲ್ಲಲು ಹೇಳುತ್ತಿದ್ದೆ. ಒಂದು ನಿಮಿಷ ಬಿಟ್ಟು ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಬಿಳಿಚಿರುತ್ತಿತ್ತು, ಇನ್ನೊಂದು ಕೆಂಪಾಗಿ ನರಗಳು ಉಬ್ಬಿರುತ್ತಿದ್ದವು. "ಗರ್ಲ್ಸ್, ಯು ಆರ್ ಟಾಲ್ ಬಾಟಲ್ಸ್ ಆಫ್ ಬ್ಲಡ್," ಎನ್ನುತ್ತಿದ್ದೆ. ಅವರು ಛೀ ಎಂದು ಮುಖ ಸಿಂಡರಿಸುತ್ತಿದ್ದರು. ಅಷ್ಟೊಂದು ಕೈಗಳು ಒಟ್ಟಿಗೆ ಮೇಲೇಳುವ ಆ ನೋಟವನ್ನು ಈಗಲೂ ನೆನೆಯುತ್ತೇನೆ. ಲವ್ಲಿ ಆಗಿತ್ತು. ಮನೆಗೆ ಬಂದರೆ ನಾನು ಬೇರೆಯೇ ಹೆಂಗಸು.

ಮನೆಯೆಂದರೆ ಕೇಂದ್ರ ಸರ್ಕಾರದ ಕ್ವಾರ್ಟರ್ಸು. ಯಜಮಾನರಿಗೆ ಅಲ್ಲಿಯ ಆಫೀಸಿನಲ್ಲಿ ಕೆಲಸ. ನಾವಿಬ್ಬರು, ಜೊತೆಗೆ ಧಾರವಾಡದಿಂದ ಮಗನ ಹಿಂದೆಯೇ ಬಂದ ಅತ್ತೆ. ಅವರು ವಿಧವೆ, ಕಟ್ಟುನಿಟ್ಟಿನ ಮಡಿ. ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಒಣಹಾಕಿದ ಸೀರೆಯನ್ನು ಕೋಲಿನಿಂದ ತೆಗೆದು ಉಟ್ಟರೆಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನ್ನ ಕೈಯ ಒಂದು ತುತ್ತು ಅವರ ಬಾಯಿಗೆ ಹೋಗಿರಲಿಲ್ಲ. "ಪಾದ್ರಿ ಸಾಲಿ ಕಲತಾಕಿ," ಎಂದು ನಗುತ್ತಲೇ ಹೇಳುತ್ತಿದ್ದರು. ನನಗೆ ಒಂದೇ ಸಲ ದಿನ ನಿಂತು, ಐದನೆಯ ತಿಂಗಳಿಗೆ ಗರ್ಭ ಹೋಯಿತು. ಆಸ್ಪತ್ರೆಯಿಂದ ಬಂದವಳನ್ನು ಜನವರಿಯ ಚಳಿಯಲ್ಲಿ ಹತ್ತು ದಿನ ಹಿಂದಿನ ವರಾಂಡದಲ್ಲಿ ಕೂಡಿಸಿದರು. ತಟ್ಟೆಯನ್ನು ನನ್ನ ಕಡೆ ದೂಡುತ್ತಿದ್ದರು. ಕಾಲಿನಿಂದ ದೂಡುವಷ್ಟು ಕೆಟ್ಟವರಲ್ಲ, ಕಸಬರಿಗೆಯ ಹಿಡಿಯಿಂದ. ನಾನು ಅದನ್ನು ಮರೆತಿದ್ದೇನೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಮಾರ್ಚಿನಲ್ಲಿ ಅತ್ತೆಗೆ ತಲೆನೋವು ಹತ್ತಿತು. ಕ್ವಾರ್ಟರ್ಸಿನ ಗೇಟಿನ ಎದುರಿಗೆ ಕ್ಲಿನಿಕ್ ಇಟ್ಟಿದ್ದ ಮರಾಠಿ ಡಾಕ್ಟರು ನೋಡಿ, ಬಿ.ಪಿ. ನೂರಾ ಎಪ್ಪತ್ತು ಇದೆ ಎಂದು ಒಂದು ಮಾತ್ರೆ ಬರೆದುಕೊಟ್ಟರು. ಏಪ್ರಿಲ್ ಬಂತು, ಬಿಸಿಲು ನಲವತ್ತೈದಕ್ಕೆ ಏರಿತು. ಈ ಬಿಸಿಲಲ್ಲಿ ಅಜ್ಜಿಯನ್ನು ಕರೆತರಬೇಡಿ, ಮನೆಯಲ್ಲೇ ದಿನಾ ಹನ್ನೊಂದಕ್ಕೆ, ಮಾತ್ರೆ ಕೊಡುವ ಮೊದಲು ಬಿ.ಪಿ. ನೋಡಿ ಬರೆದಿಡಿ, ಶನಿವಾರ ಚಾರ್ಟ್ ಮಾತ್ರ ಕಳಿಸಿ ಎಂದರು. ನನ್ನ ಕಡೆ ತಿರುಗಿ, "ಮೇಡಂ ಸೈನ್ಸ್ ಟೀಚರ್. ನರ್ಸ್ ಯಾಕೆ ಬೇಕು?" ಎಂದು ನಕ್ಕರು. ನನಗೆ ಖುಷಿಯಾಯಿತು. ಯಜಮಾನರು ಸೀತಾಬರ್ಡಿಯ ಪೇಟೆಗೆ ಹೋಗಿ ಪಾದರಸದ ಉಪಕರಣ ತಂದರು. ಬೂದು ಬಣ್ಣದ ಉದ್ದನೆಯ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಗಾಜಿನ ಕೊಳವೆ, ಅಳತೆಯ ಗೆರೆಗಳು, ತೋಳಿಗೆ ಸುತ್ತುವ ಪಟ್ಟಿ, ಅದಕ್ಕೆ ಗಾಳಿ ತುಂಬುವ ರಬ್ಬರಿನ ಬುರುಡೆ. ನಮ್ಮ ಲ್ಯಾಬಿನ ಯಾವ ಉಪಕರಣಕ್ಕಿಂತಲೂ ಚೆಂದವಾಗಿತ್ತು.

ಗಲಾಟೆ ಶುರುವಾದದ್ದು ಹೊತ್ತಿನ ವಿಷಯಕ್ಕೆ.

"ಹನ್ನೊಂದಕ್ಕ?" ಎಂದರು ಅತ್ತೆ, ಅಡಿಗೆಮನೆಯ ಒಳಗಿನಿಂದಲೇ. "ಆವಾಗ ನಾ ಮಡೀಲೆ ಇರತೀನಿ."

"ಡಾಕ್ಟರ್ ಹೇಳ್ಯಾರ ಅವ್ವಾ," ಎಂದರು ಯಜಮಾನರು.

"ಡಾಕ್ಟರಗ ಹೇಳಲಿಕ್ಕೆ ಏನ ಹೋಗತದ? ಆ ಪಟ್ಟಿ ಎಷ್ಟ ಮಂದಿ ತೋಳಿಗೆ ಸುತ್ತಿದ್ದೋ ಏನೋ."

"ಹೊಸಾದು ಅದ. ನಾನ ತಂದೀನಿ."

"ಹೊಸಾದ ಇದ್ರೇನಾತು? ಕಟ್ಟಾಕಿ ಯಾರು? ಇಕಿನ ಹೌದಲ್ಲೋ? ಮುಂಜಾನೆದ್ದು ಬ್ರೆಡ್ ತಿಂದ ಕೈ."

ಎರಡು ದಿನ ಹೀಗೇ ನಡೆದು ಒಂದು ಒಪ್ಪಂದವಾಯಿತು. ಅದನ್ನು ಅತ್ತೆಯೇ ಹೇಳಿದರು. ಎಡಗೈ ಒಂದನ್ನೇ ಕೊಡುತ್ತೇನೆ. ಪಟ್ಟಿ ಮೊಣಕೈಯ ಕೆಳಗೆ ಕಟ್ಟಬೇಕು, ಮೇಲೆ ಹೋಗಕೂಡದು. ಕೈಯನ್ನು ಇಳಿಬಿಟ್ಟೇ ಇರುತ್ತೇನೆ, ಎತ್ತು ಎನ್ನಬೇಡ.

"ಯಾಕ್ರಿ ಅತ್ಯಾ, ಇಳಿಬಿಡೋದು?" ಎಂದೆ.

"ನೀರು ಮ್ಯಾಲೆ ಹತ್ತತದೇನ? ಇಲ್ಲಲ್ಲ? ಮೈಲಿಗೀನೂ ಹಂಗ. ಕೈ ಕೆಳಗ ಇದ್ರ ಅಲ್ಲೇ ನಿಲ್ಲತದ. ಆಮ್ಯಾಲೆ ಮೊಣಕೈ ತನಕಾ ತೊಳಕೊಂಡ್ರ ಮುಗೀತು. ಸಪಾಟ ಹಿಡದರ ಸೀದಾ ಮೈಯಾಗ ಬರ್ತದ."

"ನಿಮ್ಮದೂ ಒಂದು ಹೈಡ್ರಾಲಿಕ್ಸ್ ಅದ ಬಿಡ್ರಿ," ಎಂದು ನಾನು ನಕ್ಕೆ.

"ಏನಂದಿ?"

"ಏನಿಲ್ರಿ."

ಹೀಗೆ ನಮ್ಮ ಪದ್ಧತಿ ನಿಂತಿತು. ಮೊಣಕಾಲು ನೋವಿನಿಂದ ಅತ್ತೆ ಪೂಜೆಗೆ ಎತ್ತರದ ಸ್ಟೂಲಿನ ಮೇಲೆ ಕೂಡುತ್ತಿದ್ದರು. ಹನ್ನೊಂದಕ್ಕೆ ಅದೇ ಸ್ಟೂಲನ್ನು ಅಡಿಗೆಮನೆಯ ಬಾಗಿಲಿಗೆ ಎಳೆದು, ಮೈಯೆಲ್ಲ ಒಳಗೆ, ಎಡಗೈ ಒಂದು ಹೊರಗೆ ಇಳಿಬಿಟ್ಟು ಕೂಡುವರು. ನಾನು ಹೊರಗೆ ನೆಲದ ಮೇಲೆ ಕೂತು ಮುಂಗೈಗೆ ಪಟ್ಟಿ ಸುತ್ತಿ, ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಗಾಳಿ ತುಂಬುವೆ. ಪಟ್ಟಿ ಬಿಗಿಯುತ್ತ ಹೋದಂತೆ ನಾಡಿ ನಿಲ್ಲುತ್ತದೆ. ಆಮೇಲೆ ಗಾಳಿ ಮೆಲ್ಲನೆ ಬಿಟ್ಟರೆ ಒಂದು ಗಳಿಗೆಯಲ್ಲಿ ನಾಡಿ ಬೆರಳಿಗೆ ತಟ್ ಎಂದು ಬಡಿಯುತ್ತದೆ. ಆಗ ಪಾದರಸ ನಿಂತ ಗೆರೆಯೇ ಮೇಲಿನ ಒತ್ತಡ. ಕೆಳಗಿನ ಸಂಖ್ಯೆ ಈ ರೀತಿಯಲ್ಲಿ ಸಿಗುವುದಿಲ್ಲ. ಈ ವಯಸ್ಸಿಗೆ ಮೇಲಿನದು ಸಾಕು ಎಂದು ಡಾಕ್ಟರು ಹೇಳಿಕಳಿಸಿದ್ದರು. ನಾನು ಡಬ್ಬಿಯ ಮಟ್ಟ ಸರಿಯಿದೆಯೇ, ಕೊಳವೆ ನೆಟ್ಟಗಿದೆಯೇ ಎಂದು ದಿನಾ ನೋಡುತ್ತಿದ್ದೆ. ಎಂಥ ಶಿಸ್ತು! ಡಬ್ಬಿಯನ್ನು ಅಟ್ಟದ ಮೇಲಿಟ್ಟರೂ ಏನೂ ಆಗುವುದಿಲ್ಲ, ಅದಕ್ಕೆ ಬರುವುದು ಬರೀ ಗಾಳಿ. ಪಟ್ಟಿ ಎಲ್ಲಿ ಸುತ್ತುತ್ತೇವೆ, ಅದು ಹೃದಯದ ಮಟ್ಟಕ್ಕಿದೆಯೇ ಎಂಬುದೊಂದೇ ಮುಖ್ಯ. ಅದೊಂದನ್ನೇ ನಾನು ನೋಡಲಿಲ್ಲ.

ಮೊದಲ ದಿನ ನೂರಾ ಎಪ್ಪತ್ತೆಂಟು.

"ಎಷ್ಟದ?" ಎಂದರು ಅತ್ತೆ.

"ನೂರಾ ಎಪ್ಪತ್ತೆಂಟು. ಮಾತ್ರೆ ತೊಗೊಂಡೂ ಏರೇದ."

"ನಿನ್ನ ಜೋಡಿ ಇರಾವರಿಗೆ ಅಷ್ಟರ ಇರಲಿಕ್ಕೇ ಬೇಕಲ್ಲ."

ಶನಿವಾರ ಚಾರ್ಟ್ ಹೋಯಿತು. ಎರಡನೆಯ ಮಾತ್ರೆ ಬಂತು. ಮುಂದಿನ ವಾರ ನೂರಾ ಅರವತ್ತೆರಡು, ಅರವತ್ತು. ಡಾಕ್ಟರಿಗೆ ಸಾಲಲಿಲ್ಲ; ಮಾತ್ರೆ ಇಮ್ಮಡಿಯಾಯಿತು. ಉಪ್ಪು ಪೂರಾ ಕಡಿಮೆ ಮಾಡಿ ಎಂದು ಚಾರ್ಟಿನ ಕೆಳಗೆ ಕೆಂಪು ಮಸಿಯಲ್ಲಿ ಬರೆದು ಕಳಿಸಿದರು.

ಆ ಕೆಂಪು ಅಕ್ಷರಗಳನ್ನು ಓದಿದಾಗ ನನಗೆ ಏನನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಬ್ಬ ಅನಿಸಿತು. ಅತ್ತೆ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುವವರು, ಅವರ ಉಪ್ಪಿಗೆ ಕಾವಲು ಹೇಗೆ? ಯಜಮಾನರನ್ನು ಒಪ್ಪಿಸಿ ಉಪ್ಪಿನ ಡಬ್ಬಿ, ಮಾವಿನಮಿಡಿಯ ಭರಣಿ, ಲಿಂಬೆಯ ಭರಣಿ, ಅವರೇ ಮಹಡಿಯ ಮೇಲೆ ಒಣಗಿಸಿದ ಸಂಡಿಗೆ, ಹಪ್ಪಳ ಎಲ್ಲವನ್ನೂ ಮಲಗುವ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ದಿನಾ ಬೆಳಿಗ್ಗೆ ಒಂದು ಚಹದ ಚಮಚ ಉಪ್ಪು ತೆಗೆದು, ಚಾಕುವಿನ ಬೆನ್ನಿನಿಂದ ತಲೆ ಸವರಿ, ಬಾಳೆಲೆಯ ಚೂರಿನ ಮೇಲೆ ಹಾಕಿ, ಅಡಿಗೆಮನೆಯ ಹೊಸ್ತಿಲಲ್ಲಿ ಇಡುತ್ತಿದ್ದೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅವರೇ ಕಲಿಸಿದ್ದರು.

"ಇಷ್ಟ ಏನ?"

"ಡಾಕ್ಟರ್ ಹೇಳ್ಯಾರಲ್ರಿ."

"ಕಡಿಮಿ ಮಾಡ ಅಂತ ಹೇಳ್ಯಾನ. ಕೊಲ್ಲ ಅಂತ ಹೇಳಿಲ್ಲ."

ನಾನು ಬೀರುವಿನ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅವರ ಊಟ ಮುಗಿದ ಮೇಲೆ ನಮ್ಮ ಊಟಕ್ಕೆ ಅವರದೇ ಸಂಡಿಗೆ ಕರಿಯುತ್ತಿದ್ದೆ. ಅವರ ಕೋಣೆಯವರೆಗೆ ವಾಸನೆ ಹೋಗಲಿ ಎಂದೇ ಕರಿಯುತ್ತಿದ್ದೆ. ಒಂದು ಸಂಜೆ ಅವರು ಗೋಡೆ ಹಿಡಿದು ನಿಂತು, "ಎದ್ದಕೂಡ್ಲೆ ಕಣ್ಣಿಗೆ ಕತ್ತಲಿ ಬರ್ತದ ನೋಡ," ಎಂದರು. "ಬಿ.ಪಿ. ಏರಿದ್ರ ಹಂಗ ಆಗ್ತದ್ರಿ," ಎಂದೆ. ಅದಕ್ಕೆ ತೀರಾ ಉಲ್ಟಾ ಎಂದು ಆಗ ನನಗೆ ನಿಜವಾಗಿ ತಿಳಿದಿರಲಿಲ್ಲ. ಇದು ಐದು ವಾರದೊಳಗಿನ ಮಾತು.

ಆರನೆಯ ವಾರದ ಬುಧವಾರ ಮಧ್ಯಾಹ್ನ. ಜೂನಿನಲ್ಲಿ ಕಾಲೇಜು ತೆರೆದ ಮೇಲಿನ ಟೆಸ್ಟಿಗೆ ಪ್ರಶ್ನೆಪತ್ರಿಕೆ ತಯಾರಿಸುತ್ತ ಕೂಲರಿನ ಮುಂದೆ ಕೂತಿದ್ದೆ. ಒಂದು ಪ್ರಶ್ನೆ ಬರೆದೆ: ನಿಂತ ಮನುಷ್ಯನ ಹೃದಯದ ಮಟ್ಟದಲ್ಲಿ ರಕ್ತದ ಒತ್ತಡ ಇಷ್ಟಿದ್ದರೆ, ಅದಕ್ಕಿಂತ ನಲವತ್ತು ಸೆಂಟಿಮೀಟರ್ ಕೆಳಗೆ ಎಷ್ಟಿರುತ್ತದೆ? ಕೆಳಗೆ ಉತ್ತರವನ್ನೂ ಬಿಡಿಸಿದೆ. ರಕ್ತ ನೀರಿಗಿಂತ ತುಸುವೇ ಭಾರ, ಪಾದರಸ ಹದಿಮೂರೂವರೆ ಪಟ್ಟು ಭಾರ. ನಲವತ್ತು ಸೆಂಟಿಮೀಟರ್ ರಕ್ತದ ಕಂಬದ ತೂಕಕ್ಕೆ ಮೂರು ಸೆಂಟಿಮೀಟರ್ ಪಾದರಸ ಸರಿಹೋಗುತ್ತದೆ. ಅಂದರೆ ಮೂವತ್ತು ಮಿಲಿಮೀಟರ್ ಹೆಚ್ಚು.

ಪೆನ್ನು ಕೆಳಗಿಟ್ಟೆ. ಡಬ್ಬಿ ತೆಗೆದು ನನ್ನದೇ ಮುಂಗೈಗೆ ಪಟ್ಟಿ ಸುತ್ತಿಕೊಂಡೆ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕಿಟ್ಟಾಗ ನೂರಾ ಇಪ್ಪತ್ತೆರಡು. ಅತ್ತೆಯ ಹಾಗೆ ಇಳಿಬಿಟ್ಟಾಗ ನೂರಾ ಐವತ್ತೆರಡು. ಮತ್ತೆ ಮೇಜಿನ ಮೇಲೆ, ನೂರಾ ಇಪ್ಪತ್ತು. ಚಾರ್ಟ್ ತೆರೆದೆ. ಆ ಬೆಳಿಗ್ಗೆ ಅತ್ತೆಯದು ನೂರಾ ಐವತ್ತು ಎಂದು ಬರೆದಿತ್ತು. ಮೂವತ್ತು ಕಳೆದರೆ ನೂರಾ ಇಪ್ಪತ್ತು. ಅವರಿಗೆ ಆಗ ಎಪ್ಪತ್ನಾಲ್ಕು, ಒತ್ತಡ ಮಾತ್ರ ಕಾಲೇಜು ಹುಡುಗಿಯದು. ಮೊದಲ ಮಾತ್ರೆಗೇ ಅವರು ಹೆಚ್ಚುಕಡಿಮೆ ಗುಣವಾಗಿದ್ದರು. ಉಳಿದದ್ದೆಲ್ಲ ನಾನು ಬರೆದ ಸಂಖ್ಯೆಗೆ ಕೊಟ್ಟ ಔಷಧ.

ಆ ಔಷಧ ಒಳಗೆ ಏನು ಮಾಡುತ್ತದೆ ಎಂಬುದೂ ನನಗೆ ಗೊತ್ತಿತ್ತು. ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಕೊಳವೆಯ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ; ತ್ರಿಜ್ಯ ಹತ್ತರಲ್ಲೊಂದು ಪಾಲು ಹಿಗ್ಗಿದರೆ ಸಾಕು, ಅದೇ ಒತ್ತಡಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ರಕ್ತ ಹರಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದಾಗ ಹುಡುಗಿಯರು ವಾವ್ ಎನ್ನುತ್ತಿದ್ದರು. ಈಗ ಒಬ್ಬ ಮುದುಕಿಯ ಮೈಯಲ್ಲಿ ನಾಳಗಳೆಲ್ಲ ಹಿಗ್ಗಿ ಸಡಿಲಾಗಿವೆ. ಉಪ್ಪಿಲ್ಲದೆ, ಬೆವರು ಹರಿದು, ಅವುಗಳಲ್ಲಿ ತುಂಬಲು ರಕ್ತವೇ ಕಡಿಮೆ. ಅವರು ಎದ್ದು ನಿಂತರೆ ಇದ್ದ ರಕ್ತ ಕಾಲಿಗಿಳಿಯುತ್ತದೆ. ತಲೆಗೆ ಏರಿಸುವ ಒತ್ತಡ ಉಳಿದಿಲ್ಲ. ಕಣ್ಣಿಗೆ ಕತ್ತಲೆ ಬರುವುದು ಅದಕ್ಕೇ.

ಹೇಳಬೇಕು ಎಂದೇ ಎದ್ದೆ. ಗಾಡ್ ಪ್ರಾಮಿಸ್, ಹೇಳಬೇಕು ಎಂದೇ ಎದ್ದೆ. ಮುಂಬಾಗಿಲಲ್ಲಿ ಅತ್ತೆ ಪಕ್ಕದ ಮನೆಯ ಮರಾಠಿ ಹೆಂಗಸಿನ ಜೊತೆ ಮಾತಾಡುತ್ತ ನಿಂತಿದ್ದರು. ಅವರ ಮರಾಠಿ ಅರ್ಧ ಕನ್ನಡವೇ. ನಾನು ಒಳಗಿದ್ದೇನೆ ಎಂದು ಗೊತ್ತಿದ್ದೂ ದನಿ ತಗ್ಗಿಸಿರಲಿಲ್ಲ.

"ಬಂಜೀದು ಸಿಟ್ಟು ಎಲ್ಲೆರ ತೀರಬೇಕಲ್ಲ ಬಾಯಿ," ಎನ್ನುತ್ತಿದ್ದರು. "ಮಗುವಿಗೆ ಅಳತಿ ಮಾಡಿ ಹಾಲು ಕೊಡೋದು ಹಣೇಬರದಾಗ ಇಲ್ಲ. ನನಗ ಉಪ್ಪು ಅಳದು ಕೊಡತಾಳ."

ಪಕ್ಕದ ಮನೆಯವಳು ಏನೋ ಎಂದು ನಕ್ಕಳು. ನಾನು ವಾಪಸು ಬಂದು ಕೂಲರಿನ ಮುಂದೆ ಕೂತೆ. ಪ್ರಶ್ನೆಪತ್ರಿಕೆ ಮುಗಿಸಿದೆ. ಆ ಪ್ರಶ್ನೆಗೆ ಐದು ಮಾರ್ಕ್ಸ್ ಇಟ್ಟೆ.

ಗುರುವಾರ ಹನ್ನೊಂದಕ್ಕೆ ಸ್ಟೂಲು ಬಾಗಿಲಿಗೆ ಬಂತು, ಕೈ ಇಳಿಯಿತು. ಆ ಕೈಯನ್ನು ಎತ್ತಿ ಹಿಡಿಯಲು ನನಗೆ ಒಂದು ಸೆಕೆಂಡ್ ಸಾಕಿತ್ತು. ಬೈಯುತ್ತಿದ್ದರು, ಸ್ನಾನ ಮತ್ತೊಮ್ಮೆ ಮಾಡುತ್ತಿದ್ದರು, ಅಷ್ಟೇ. ಪಾದರಸ ನೂರಾ ಐವತ್ತಕ್ಕೆ ನಿಂತಾಗ ನಾಡಿ ತಟ್ಟಿತು. ನೂರಾ ಐವತ್ತು ಎಂದು ಬರೆದೆ. ನಾನು ಸುಳ್ಳು ಬರೆಯುತ್ತಿಲ್ಲ, ಪಾದರಸ ತೋರಿಸಿದ್ದನ್ನೇ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಇಂಥ ಜಾಣತನ ಚೆನ್ನಾಗಿ ಬರುತ್ತದೆ. ಸುಳ್ಳು ಹೇಳುವುದು ಪಾಪ. ಕೇಳದಿದ್ದುದನ್ನು ಹೇಳದಿರುವುದು ಪಾಪಗಳ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತಿತ್ತು.

ಶುಕ್ರವಾರ ನೂರಾ ನಲವತ್ತೆಂಟು. ಶನಿವಾರ ನೂರಾ ಐವತ್ತು. ಸಂಜೆ ಯಜಮಾನರು ಚಾರ್ಟ್ ಮಡಿಚಿ ಜೇಬಿನಲ್ಲಿಟ್ಟುಕೊಂಡು ಚಪ್ಪಲಿ ಮೆಟ್ಟುತ್ತ, "ಡಾಕ್ಟರಗ ಏನರ ಹೇಳೋದದ ಏನು?" ಎಂದು ಕೇಳಿದರು.

ಈ ಸಲ ಕೇಳಿಯೂ ಆಯಿತು. "ಏನಿಲ್ರಿ," ಎಂದೆ.

ಅರ್ಧ ಗಂಟೆಯಲ್ಲಿ ಹಿಂದಿರುಗಿದರು. ನೂರಾ ನಲವತ್ತರ ಕೆಳಗೆ ತರಲೇಬೇಕು ಎಂದು ಡಾಕ್ಟರು ಮೂರನೆಯದೊಂದು ಮಾತ್ರೆ ಸೇರಿಸಿದ್ದರು. ಭಾನುವಾರ ಅದನ್ನು ನಾನೇ ಸ್ಟೂಲಿನ ಪಕ್ಕದ ಬಟ್ಟಲಿಗೆ ಮೇಲಿನಿಂದ ಹಾಕಿದೆ. ಅಂದು ಮಾತ್ರೆಗೆ ಮೊದಲು ಸಂಖ್ಯೆ ನೂರಾ ನಲವತ್ನಾಲ್ಕು. ನಿಜವಾಗಿ ನೂರಾ ಹದಿನಾಲ್ಕು.

"ಕಡಿಮಿ ಆತಲ್ಲ?" ಎಂದರು ಅತ್ತೆ. ಅವರ ದನಿಯಲ್ಲಿ ನಾನು ಆವರೆಗೆ ಕೇಳದಿದ್ದ ಒಂದು ಮೆದುತನ. "ಇನ್ನರ ಚೂರು ಉಪ್ಪಿನಕಾಯಿ ಕೊಡತೀಯೇನವಾ? ಒಂದು ಹೋಳು. ಬಾಯಿ ಸತ್ತ ಹೋಗೇದ."

"ನೋಡೋಣ್ರಿ. ಇನ್ನೊಂದು ವಾರ ಹೋಗಲಿ."

ಅದೊಂದು ವಾಕ್ಯ ನನಗೆ ಎಷ್ಟು ಸಿಹಿಯಾಗಿತ್ತು ಎಂದರೆ, ಅದನ್ನು ಇನ್ನೊಂದು ವಾರ ದಿನಾ ಹೇಳಬಹುದು ಎಂದು ಅನಿಸಿತು. ಸೋಮವಾರ ಎಲ್ಲ ಹೇಳಿಬಿಡಬೇಕು ಎಂದು ಮೊದಲು ನಿಶ್ಚಯಿಸಿದ್ದೆ. ಅದನ್ನು ಮುಂದಿನ ಶನಿವಾರಕ್ಕೆ ಸರಿಸಿದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ಖಾಪರಖೇಡಾದ ಪವರ್ ಸ್ಟೇಷನ್ ಇಷ್ಟು ಹತ್ತಿರದಲ್ಲಿದ್ದೂ ನಮ್ಮ ಕೂಲರಿಗೆ ಕರೆಂಟ್ ಇಲ್ಲ ಎಂದು ಗೊಣಗುತ್ತ ನಡುಮನೆಯಲ್ಲಿ ಕೂತಿದ್ದೆ. ಕೂಲರಿನ ಸದ್ದು ನಿಂತಿದ್ದರಿಂದಲೇ ಎಲ್ಲ ಸ್ಪಷ್ಟವಾಗಿ ಕೇಳಿತು. ಅಡಿಗೆಮನೆಯ ದೇವರ ಮುಂದೆ, ಒಲೆಯ ಪಕ್ಕದ ಆ ಕಾವಿನಲ್ಲಿ ಒಂದು ತಾಸು ಸ್ಟೂಲಿನ ಮೇಲೆ ಕೂತು ಜಪ ಮಾಡಿದ ಅತ್ತೆ ಮಂಗಳಾರತಿಗೆಂದು ಎದ್ದರು. ಪೂಜೆಯ ಗಂಟೆ ಎರಡು ಸಲ ಕೇಳಿಸಿತು. ಆಮೇಲೆ ಆರತಿ ತಟ್ಟೆ ಬಿದ್ದು ಉರುಳಿದ ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು.

ಒಳಗೆ ಹೋದಾಗ ಅವರು ಒಂದು ಮಗ್ಗುಲಾಗಿ ಬಿದ್ದಿದ್ದರು, ಬಲಗಾಲಿನ ಪಾದ ಹೊರಕ್ಕೆ ತಿರುಗಿತ್ತು. ಪ್ರಜ್ಞೆ ಆಗಲೇ ಬಂದಿತ್ತು. ಮಲಗಿದರೆ ರಕ್ತ ತಲೆಗೆ ತಾನೇ ತಲುಪುತ್ತದೆ. ನಾನು ಬಗ್ಗಿದೆ.

"ಮುಟ್ಟಬ್ಯಾಡ," ಎಂದರು. "ಮಡೀಲೆ ಇದ್ದೀನಿ."

ಮುಟ್ಟಿದೆ. ತೊಡೆಯ ಕೆಳಗೆ ಕೈ ಹಾಕಿದೊಡನೆ ಅವರು ಕಿರುಚಿದ ದನಿಗೆ ಪಕ್ಕದ ಮನೆಯವಳು ಓಡಿ ಬಂದಳು.

ಆಸ್ಪತ್ರೆಯಲ್ಲಿ ನರ್ಸ್ ಏನನ್ನೂ ಕೇಳದೆ ಮಡಿಸೀರೆಯ ಸೆರಗು ಸರಿಸಿ, ಮೊಣಕೈಯ ಮೇಲೆ ಪಟ್ಟಿ ಬಿಗಿದು, "ನೈಂಟಿ," ಎಂದು ಕೂಗಿ ಹೇಳಿದಳು. ಸೊಂಟದ ಮೂಳೆ ಮುರಿದಿತ್ತು. ಎಳೆಯ ಡಾಕ್ಟರೊಬ್ಬ ನಮ್ಮ ಚಾರ್ಟನ್ನು ತಿರುಗಿಸಿ ನೋಡಿ, "ನಿನ್ನೆ ಒನ್ ಫಾರ್ಟಿಫೋರ್? ಹೂ ಟುಕ್ ದೀಸ್?" ಎಂದ.

"ನಾನು."

"ನಿಮ್ಮ ಮಷಿನ್ ಚೆಕ್ ಮಾಡಿಸಿ, ಆಂಟಿ."

ಆಪರೇಷನ್ ತಾಳುವ ಶಕ್ತಿ ಹೃದಯಕ್ಕಿಲ್ಲ ಎಂದು ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮೂರು ವಾರದ ಮೇಲೆ ಹಾಗೇ ಮನೆಗೆ ಕಳಿಸಿದರು. ಇನ್ನು ಅವರಿಗೆ ಏಳುವುದು ಇರಲಿಲ್ಲ. ನಡುಮನೆಯಲ್ಲಿ ಮಂಚ ಹಾಕಿದೆವು. ನಾನು ಕಲಸಿದ ಅನ್ನವನ್ನು ನನ್ನ ಕೈಯಿಂದಲೇ ಉಂಡರು. ಮೊದಲ ತುತ್ತಿಗೆ ಬಾಯಿ ತೆರೆಯುವ ಮುಂಚೆ ಕಣ್ಣು ಮುಚ್ಚಿಕೊಂಡರು. ಉಪ್ಪು ಬೇಕಾದಷ್ಟು ಹಾಕಿದ್ದೆ.

ಯಜಮಾನರು ಡಬ್ಬಿಯನ್ನು ಸೀತಾಬರ್ಡಿಯ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿ ತಂದರು. "ಬಿಲ್‌ಕುಲ್ ಬರೋಬರ್ ಅದ ಅಂದ," ಎಂದು ಅದನ್ನು ಮೇಜಿನ ಮೇಲಿಟ್ಟರು. "ಡಬ್ಬಿ ಬರೋಬರ್, ನೀ ಓದಿದ್ದು ಬರೋಬರ್. ಹಂಗಾರ ತಪ್ಪು ಎಲ್ಲೆ ಆತು?"

ಚಾರ್ಟಿನ ಹಿಂದೆ ಚಿತ್ರ ಬರೆದೆ. ಸ್ಟೂಲು, ಅದರ ಮೇಲೊಬ್ಬ ಹೆಂಗಸು, ಎದೆಯಲ್ಲೊಂದು ಚುಕ್ಕೆ, ಮುಂಗೈಯಲ್ಲೊಂದು ಚುಕ್ಕೆ, ನಡುವೆ ನಲವತ್ತು ಸೆಂಟಿಮೀಟರಿನ ಗೆರೆ. ಕಷ್ಟದ ಮಾತು ಬಂದಾಗ ನನ್ನ ಬಾಯಿ ಇಂಗ್ಲಿಷಿಗೆ ಹೋಗುತ್ತದೆ. "ಇಟ್ ಈಸ್ ದ ವೆಯ್ಟ್ ಆಫ್ ದ ಕಾಲಮ್, ಯು ಸೀ," ಎಂದು ಶುರು ಮಾಡಿದೆ.

"ಕನ್ನಡದಾಗ ಹೇಳ," ಎಂದರು ಅತ್ತೆ ಮಂಚದ ಮೇಲಿನಿಂದ. ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದೆ. "ನನ್ನ ಮೈ ಮಾತದು. ನನಗ ತಿಳಿಯೋಹಂಗ ಹೇಳ."

ಕನ್ನಡದಲ್ಲಿ ಹೇಳಿದೆ. ಕೈ ಎದೆಯ ಮಟ್ಟಕ್ಕಿದ್ದರೆ ಎದೆಯ ಒತ್ತಡವೇ ಸಿಗುತ್ತದೆ. ಇಳಿಬಿಟ್ಟರೆ ಮೇಲಿನ ರಕ್ತದ ಭಾರವೆಲ್ಲ ಮುಂಗೈಯ ಮೇಲೆ ಬೀಳುತ್ತದೆ. ಆ ಭಾರ ಕೂಡಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಡಾಕ್ಟರು ಅದನ್ನು ನಿಜವೆಂದು ನಂಬಿ ಮಾತ್ರೆ ಹೆಚ್ಚಿಸಿದರು.

"ಕೈ ಯಾಕ ಇಳಿಬಿಟ್ಟಿದ್ದು?" ಎಂದರು ಯಜಮಾನರು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ಕಾದೆ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಉತ್ತರ ಎದುರಿನ ಬೆಂಚಿನಿಂದ ಬರುವವರೆಗೆ ಕಾಯುವುದು ಗೊತ್ತು.

"ಮಡಿ ಅಂತ," ಎಂದರು ಅತ್ತೆ. "ನಾನ ಹೇಳಿದ್ದೆ ಆಕಿಗೆ. ಕೈ ಎತ್ತಬ್ಯಾಡ, ಮೊಣಕೈ ಮ್ಯಾಲೆ ಕಟ್ಟಬ್ಯಾಡ ಅಂತ." ಮುಖವನ್ನು ಗೋಡೆಗೆ ತಿರುಗಿಸಿ, "ಹಂಗಾ‌ರ ನನ್ನ ಮಡೀನ ನನ್ನ ಕೆಡವಿತು," ಎಂದರು.

ಯಜಮಾನರು ನನ್ನನ್ನು ನೋಡಿದರು. "ನಿನಗ ಇದು ಯಾವಾಗ ತಿಳೀತು?"

"ಈಗ್ರಿ," ಎಂದೆ. "ಈಗ ನೀವು ಕೇಳಿದ ಮ್ಯಾಲೆ ವಿಚಾರ ಮಾಡಿದೆ."

ಪ್ರಶ್ನೆಪತ್ರಿಕೆ ಅದೇ ಮೇಜಿನ ಡ್ರಾಯರಿನಲ್ಲಿತ್ತು, ಮೇಲೆ ನನ್ನ ಕೈಬರಹದಲ್ಲಿ ಆ ಬುಧವಾರದ ತಾರೀಖಿತ್ತು. ಅವರು ಡ್ರಾಯರ್ ತೆರೆಯಲಿಲ್ಲ. ಹೆಂಡತಿಯನ್ನು ನಂಬುವ ಗಂಡಸು.

ಅಂದಿನಿಂದ ಅತ್ತೆ ಬಂದವರಿಗೆಲ್ಲ ಅದನ್ನೇ ಹೇಳತೊಡಗಿದರು. ಪಕ್ಕದ ಮನೆಯವಳಿಗೆ, ಗೇಟಿನ ಡಾಕ್ಟರಿಗೆ, ಕಾಮಠಿಯ ಮಿಲಿಟರಿ ಕ್ಯಾಂಪಿನಿಂದ ನೋಡಲು ಬಂದ ಕನ್ನಡದ ಹೆಂಗಸರಿಗೆ. ಹೇಳಿ ಹೇಳಿ ಅದು ಅವರಿಗೆ ಬಾಯಿಪಾಠವಾಯಿತು. ಆ ಹೆಂಗಸರು ನನ್ನ ಕಡೆ ನೋಡಿ, "ನಿಮ್ಮಂಥ ಸೊಸಿ ಸಿಕ್ಕದ್ದು ಅವರ ಪುಣ್ಯಾ," ಎನ್ನುವರು. ನಾನು ಚಹಾ ಕೊಡುವೆ. ಅತ್ತೆ ದೇವರ ಹಾಡು ಹೇಳುವುದನ್ನು ಬಿಟ್ಟರು. ಸ್ತೋತ್ರ ಶುರು ಮಾಡಿ ನಡುವೆ ನಿಲ್ಲಿಸಿ ಗೋಡೆ ನೋಡುತ್ತಿದ್ದರು. ಐವತ್ತು ವರ್ಷ ಯಾವುದನ್ನು ಹಿಡಿದು ನಿಂತಿದ್ದರೋ ಅದೇ ತಮ್ಮನ್ನು ಕೆಡವಿತೆಂದು ನಂಬಿದವರಿಗೆ ಯಾವ ಹಾಡು ಉಳಿದೀತು? ಬೆನ್ನಿನಲ್ಲಿ ಹುಣ್ಣಾದವು. ಒಂದೇ ಕಡೆ ಒತ್ತಿ ಮಲಗಿದರೆ ಚರ್ಮದ ಸಣ್ಣ ನಾಳಗಳು ಚಪ್ಪಟೆಯಾಗಿ ಅಲ್ಲಿಗೆ ರಕ್ತ ಹೋಗುವುದಿಲ್ಲ. ನಾನು ಎರಡು ತಾಸಿಗೊಮ್ಮೆ ಅವರನ್ನು ಮಗ್ಗುಲು ತಿರುಗಿಸುತ್ತಿದ್ದೆ. ಚೆನ್ನಾಗಿಯೇ ನೋಡಿಕೊಂಡೆ. ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ದಸರೆಯ ಹೊತ್ತಿಗೆ ಅವರಿಗೆ ಎದೆಯಲ್ಲಿ ಕಫ ಕಟ್ಟಿತು. ಇನ್ನು ಬಹಳ ದಿನವಿಲ್ಲ ಎಂದಾಗ ಧಾರವಾಡದಿಂದ ನಾದಿನಿ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ತಾಯಿಯ ಹಾಗೇ ಖಡಕ್ ಮಾತಿನವಳು. ಅಣ್ಣ ಸ್ಟೇಷನ್ನಿನಿಂದ ಬರುವಾಗಲೇ ಎಲ್ಲ ಹೇಳಿದ್ದರು. ಬ್ಯಾಗ್ ಇಳಿಸಿದವಳೇ ಮಂಚದ ಪಕ್ಕ ನಿಂತು ಅಳುತ್ತ ಶುರು ಮಾಡಿದಳು.

"ಎಷ್ಟ ಸಲ ಹೇಳಿದ್ದೆ ಅವ್ವಾ ನಿನಗ, ಈ ಮಡೀ ಹುಚ್ಚು ಬಿಡು ಅಂತ? ಕೇಳಿದ್ಯಾ? ವೈನಿ ನೆಲದ ಮ್ಯಾಲೆ ಕೂತು, ಕೈ ಎತ್ತಲಿಕ್ಕೂ ಹೆದರಿ... ಇಷ್ಟು ಓದಿದಾಕಿ, ಪಾಪ! ಆಕಿ ಬಾಯಿ ಮುಚ್ಚಿಸಿ ಮುಚ್ಚಿಸಿ ಈ ಗತಿ ತಂದುಕೊಂಡಿ."

"ಹೌದವಾ," ಎಂದರು ಅತ್ತೆ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಆಕೀದೇನೂ ತಪ್ಪಿಲ್ಲ."

"ಹಂಗಂತ ನನ್ನ ಮುಂದ ಹೇಳಿದ್ರ ಏನಾತು? ವೈನಿಗೆ ಹೇಳು. ಒಂದು ದಿನಾರ ಆಕಿಗೆ ಛಲೋ ಮಾತಾಡಿಯೇನ? ಕ್ಷಮಾ ಕೇಳು ಅವ್ವಾ. ಹಂಗ ಹೋಗಬ್ಯಾಡ."

ನಾನು ಮಂಚದ ಕಾಲ್ದೆಸೆಯಲ್ಲಿ ಒಗೆದ ಬಟ್ಟೆ ಮಡಿಚುತ್ತಿದ್ದೆ. ಇರಲಿ, ಬೇಡ ಎಂದು ನಾದಿನಿಯ ಕೈ ಹಿಡಿಯಬಹುದಿತ್ತು. ಮಡಿಚುತ್ತಲೇ ಇದ್ದೆ.

ಅತ್ತೆ ಹೊದಿಕೆಯೊಳಗಿನಿಂದ ಎರಡೂ ಕೈಗಳನ್ನು ಹೊರಗೆ ತೆಗೆದರು. ಜೋಡಿಸಲು ಆಗಲಿಲ್ಲ, ಮಗಳು ಹಿಡಿದು ಜೋಡಿಸಿದಳು.

"ತಪ್ಪಾತವಾ," ಎಂದರು ನನಗೆ. "ಹೊಟ್ಟ್ಯಾಗ ಹಾಕೋ."

ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಯಜಮಾನರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈಯಲ್ಲಿದ್ದ ಟವೆಲ್ ಕೆಳಗಿಟ್ಟು ಅವರ ಹತ್ತಿರ ಹೋದೆ.

"ಇರಲಿ ಬಿಡ್ರಿ ಅತ್ಯಾ," ಎಂದೆ. "ನಾ ಅದನ್ನೆಲ್ಲಾ ಎಂದೋ ಮರತೀನಿ."